ರಾಮಾಂಜಣ್ಣ ಬಿಗಿದ ಪೈಪು

ಮಂಜು, ಆ ದಿನ ಆಯಿಲ್ ಪೈಪು ಸಡಿಲವಾಗಿರಲಿಲ್ಲ. ರಾಮಾಂಜಣ್ಣ ಅದನ್ನು ಸರಿಯಾಗಿಯೇ ಬಿಗಿದಿದ್ದರು. ಇಂಜಿನ್ ಒಡೆದದ್ದು, ಕಾರು ಗೋಡೆಗೆ ಬಡಿದದ್ದು, ನಿನ್ನ ಎಡಗಾಲು ಹೋದದ್ದು—ಎಲ್ಲಕ್ಕೂ ಕಾರಣ ನಾನು. ಆರು ವರ್ಷ ಇದನ್ನು ಮುಚ್ಚಿಟ್ಟುಕೊಂಡು ಬದುಕಿದೆ.

ನಿನಗೆ ಪೂರ್ತಿ ಹೇಳಬೇಕು.

ನಮ್ಮದು ಸಣ್ಣ ತಂಡ. ಚಿಕ್ಕಬಳ್ಳಾಪುರದ ಯಜಮಾನರ ಒಂದೇ ಒಂದು ರೇಸ್ ಕಾರು, ಓಡಿಸಲು ನೀನು, ಸ್ಪ್ಯಾನರ್ ಹಿಡಿಯಲು ದಿಬ್ಬೂರಹಳ್ಳಿಯ ರಾಮಾಂಜಣ್ಣ, ಲ್ಯಾಪ್‌ಟಾಪ್ ಹಿಡಿಯಲು ನಾನು. ಇಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕು, ಕಿಡಿ ಯಾವ ಕ್ಷಣದಲ್ಲಿ ಹಾರಬೇಕು ಎಂಬುದನ್ನೆಲ್ಲ ನಾನು ಟ್ರ್ಯಾಕಿನ ಪಕ್ಕದಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಬದಲಿಸುತ್ತಿದ್ದೆ. ಟ್ರ್ಯಾಕ್ಟರ್ ರಿಪೇರಿ ಮಾಡಿಕೊಂಡು ಬೆಳೆದ ರಾಮಾಂಜಣ್ಣ ಬಾನೆಟ್ ಮೇಲೆ ಅಂಗೈಯಿಟ್ಟು, ಕಣ್ಣು ಮುಚ್ಚಿ, ಇಂಜಿನ್ ಕೇಳುತ್ತಿದ್ದರು. ಚಿಂತಾಮಣಿಯಿಂದ ಹೋಗಿ ಇಂಜಿನಿಯರಿಂಗ್ ಓದಿ ಬಂದ ನನಗೆ ಅದನ್ನು ನೋಡಿದಾಗ—ಈಗ ಒಪ್ಪಿಕೊಳ್ಳುತ್ತೇನೆ—ಒಳಗೊಳಗೇ ತಾತ್ಸಾರ.

ಆ ಬೆಳಿಗ್ಗೆ ಅಭ್ಯಾಸದಲ್ಲಿ ನೀನು ಮೊದಲನೆಯವನಿಗಿಂತ ಅರ್ಧ ಸೆಕೆಂಡ್ ಹಿಂದಿದ್ದೆ. ಇನ್ನೂ ಸ್ವಲ್ಪ ಶಕ್ತಿ ಬರುತ್ತದೆಯೇ ಎಂದು ಯಜಮಾನರು ಕೇಳಿದರು. ಬರುತ್ತದೆ ಎಂದೆ. ಇಂಜಿನ್ ಮಿತಿಮೀರಿ ಕಾಯುವ ಅಪಾಯವಿದ್ದರೂ ಪೆಟ್ರೋಲ್ ಕಡಿಮೆ ಮಾಡಿದೆ, ಕಿಡಿ ತುಸು ಮುಂಚೆಯೇ ಹಾರುವಂತೆ ಮಾಡಿದೆ. ನೀನು ಒಂದು ಸುತ್ತು ಹೋಗಿ ಬಂದಾಗ ಪರದೆಯ ಮೇಲೆ ಕೆಂಪು ಎಚ್ಚರಿಕೆ. ಇಂಜಿನ್ ಉಳಿಸಿಕೊಳ್ಳಲು ಕಾರಿನ ಕಂಪ್ಯೂಟರ್ ತಾನೇ ಶಕ್ತಿ ತಗ್ಗಿಸುತ್ತಿತ್ತು. ನಾನು ಆ ರಕ್ಷಣೆಯನ್ನೇ ಆಫ್ ಮಾಡಿದೆ.

ರಾಮಾಂಜಣ್ಣ ಹತ್ತಿರ ಬಂದರು. "ಸುಧಮ್ಮ, ಒಳಗೆ ಸುತ್ತಿಗೇಲಿ ಬಡಿದಂಗೆ ಕೇಳಿಸ್ತೈತೆ. ಈ ಕಿತ ಓಡ್ಸೋದು ಬ್ಯಾಡ ಕಣಮ್ಮ. ಹುಡುಗ ಒಳಗೆ ಕೂತವ್ನೆ."

"ಡೇಟಾ ಸರಿಯಾಗಿದೆ ರಾಮಾಂಜಣ್ಣ. ನಿಮ್ಮ ಕೆಲಸ ನೀವು ನೋಡ್ಕೊಳ್ಳಿ." ಎಲ್ಲರ ಮುಂದೆ ಹಾಗೆ ಹೇಳಿದೆ.

ನೀನು ಹೆಲ್ಮೆಟ್ಟಿನ ಒಳಗಿಂದ ಕೇಳಿದೆ, "ಅಕ್ಕ, ಓಕೆನಾ?" ನಾನು ಹೆಬ್ಬೆರಳು ಎತ್ತಿ ತೋರಿಸಿದೆ.

ಮೂರನೇ ಸುತ್ತಿನಲ್ಲಿ ಪಿಸ್ಟನ್ ಕರಗಿ ಇಂಜಿನ್ ಸೀಳಿತು. ಆಯಿಲ್ ಚಕ್ರಗಳ ಕೆಳಗೇ ಸುರಿದು, ಕಾರು ಜಾರಿ ಗೋಡೆಗೆ ಬಡಿಯಿತು. ಎಲ್ಲರೂ ನಿನ್ನ ಕಡೆ ಓಡಿದರು. ರಾಮಾಂಜಣ್ಣ ಎಲ್ಲರಿಗಿಂತ ಮುಂದೆ. ನಾನು—ಇದೊಂದು ಸಾಲು ಬರೆಯಲಾಗದೆ ಎಷ್ಟು ಸಲ ನಿಲ್ಲಿಸಿದ್ದೇನೆ—ನಾನು ಲ್ಯಾಪ್‌ಟಾಪಿನ ಮುಂದೆ ಕೂತೆ. ನಾನು ಮಾಡಿದ ಬದಲಾವಣೆಗಳನ್ನು ಅಳಿಸಿದೆ. ಆ ಓಟದ ದಾಖಲೆಯನ್ನೂ ಅಳಿಸಿದೆ. ನಿನ್ನನ್ನು ಇನ್ನೂ ಕಾರಿನಿಂದ ಹೊರಗೆ ತೆಗೆದಿರಲಿಲ್ಲ, ಮಂಜು.

ಸಂಜೆ ಯಜಮಾನರು ಏನಾಯಿತೆಂದು ಕೇಳಿದರು. "ಆಯಿಲ್ ಪೈಪ್ ಬಿಟ್ಕೊಂಡಿರ್ಬೇಕು ಸರ್. ನನ್ನ ಲ್ಯಾಪ್‌ಟಾಪ್ ಸೆಟ್ಟಿಂಗ್ ಸರಿ ಇದೆ." ಒಡೆದ ಇಂಜಿನ್ನಿನಲ್ಲಿ ಪೈಪು ಹೇಗೂ ಕಿತ್ತುಹೋಗಿತ್ತು. ಯಾರೂ ಅನುಮಾನಿಸಲಿಲ್ಲ. ರಾಮಾಂಜಣ್ಣ ವಾದ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ತಮ್ಮ ಕೈಗಳನ್ನೇ ನೋಡಿಕೊಂಡರು. "ಬಿಗಿ ಮಾಡ್ದೆ ಅಂದ್ಕೊಂಡಿದ್ದೆ... ಮರೆತ್ನೇನೋ." ತಾವು ಕೇಳಿದ್ದ ಆ ಸದ್ದನ್ನು ಕೂಡ ಅವರು ನಂಬಲಿಲ್ಲ, ನನ್ನನ್ನು ನಂಬಿದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು.

ಆಮೇಲೆ ಅವರು ಯಾವ ವಾಹನಕ್ಕೂ ಕೈ ಹಾಕಲಿಲ್ಲ. ಪೆರೇಸಂದ್ರದ ನಿನ್ನ ಮನೆಗೆ ನಾಲ್ಕು ಸಲ ಬಂದು ಗೇಟಿನ ಹೊರಗೆ ನಿಂತಿದ್ದರಂತೆ, ಆ ಮುಖ ತೋರಿಸಬೇಡಿ ಎಂದು ನೀನು ಒಳಗಿಂದಲೇ ಹೇಳಿ ಕಳಿಸಿದೆಯಂತೆ. ಅದೂ ನನ್ನ ಕಿವಿಗೆ ಬಿತ್ತು. ಕೇಳಿಯೂ ಬೇರೆ ತಂಡದ ಕಾರು ಟ್ಯೂನ್ ಮಾಡಲು ಹೋದೆ.

ಕಳೆದ ತಿಂಗಳು ಅವರು ಎದೆನೋವು ಬಂದು ತೀರಿಕೊಂಡರು. ತಿಥಿ ಮುಗಿದ ಮೇಲೆ ತಿಳಿದು ದಿಬ್ಬೂರಹಳ್ಳಿಗೆ ಹೋದೆ. ಅವರ ಹೆಂಡತಿ ನರಸಮ್ಮ ರೇಷ್ಮೆ ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದರು. ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಹೊಡೆಯುತ್ತಾರೆ ಎಂದುಕೊಂಡೆ—ಅದನ್ನೇ ಬಯಸಿ ಹೋಗಿದ್ದೆನೋ ಏನೋ.

"ನಿದ್ದೇಲೂ ಕೈ ತಿರುವೋನು, ಬೋಲ್ಟು ಬಿಗಿಯೋ ತರ," ಎಂದರು. "ತಪ್ಪು ನಿಂದಲ್ಲ ಅಂತ ಒಂದು ಮಾತು ಬಂದು ಹೇಳಿದ್ರೆ ಸಾಕಾಗಿತ್ತಲ್ಲಮ್ಮ ಆಯಪ್ಪಂಗೆ." ಆಮೇಲೆ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ಯಜಮಾನರಿಗೂ ಇದನ್ನೇ ಬರೆದು ಕಳಿಸಿದ್ದೇನೆ. ಇದರಿಂದ ಏನೂ ಸರಿಹೋಗುವುದಿಲ್ಲ ಎಂದು ಗೊತ್ತು. ನೀನು ಅವರನ್ನು ಗೇಟಿನಿಂದ ಹಿಂದೆ ಕಳಿಸಿದ್ದು ನನ್ನ ಮಾತು ನಂಬಿ. ಆ ಭಾರ ನೀನು ಹೊರಬೇಡ, ಅದೂ ನನ್ನದೇ. ಕ್ಷಮೆ ಕೇಳುವುದಿಲ್ಲ. ನೀನು ಎಲ್ಲಿಗೆ ಕರೆದರೂ ಬಂದು, ಯಾರ ಮುಂದೆ ಬೇಕಾದರೂ ಈ ಮಾತು ಹೇಳುತ್ತೇನೆ. ಕೇಳಬೇಕಾಗಿದ್ದವರೊಬ್ಬರು ಮಾತ್ರ ಅಲ್ಲಿರುವುದಿಲ್ಲ.