ಮೀನು ಕೊಯ್ಯುವವರ ಹಿಮ್ಮೇಳ

ಸ್ವೀಡನ್ನಿನ ಕಡಲೂರು ಹಾಲ್ವಿಕ್‌ನ ಮೀನು ಕಾರ್ಖಾನೆಯಲ್ಲಿ ಯಂತ್ರಗಳೆಲ್ಲ ಒಟ್ಟಿಗೆ ಗುಡುಗುತ್ತಿದ್ದರೂ ಮಾಯ್ವೊರ್‌ಳ ದನಿ ಈ ಗೋಡೆಯಿಂದ ಆ ಗೋಡೆಗೆ ಮುಟ್ಟುತ್ತಿತ್ತು. ಚರ್ಚಿನಲ್ಲೂ ಅಷ್ಟೆ. "ದೇವರಿಗೆ ಕಿವಿ ಮಂದ ಅಲ್ಲ, ಮಾಯ್ವೊರ್" ಎಂದು ಪಾದ್ರಿ ಒಮ್ಮೆ ಮೆಲ್ಲಗೆ ಹೇಳಿ ನೋಡಿದರು. "ಅದು ಗೊತ್ತಿರೋದಕ್ಕೇ ಹಾಡೋದು. ಕಿವುಡನ ಮುಂದೆ ಯಾರು ಹಾಡ್ತಾರೆ?" ಎಂದಳು.

ಗಂಡ ಎವರ್ಟ್‌ನ ದೋಣಿ ಒಂದು ನವೆಂಬರಿನಲ್ಲಿ ಹೋದದ್ದು ಮರಳಲಿಲ್ಲ. ಮಕ್ಕಳಿರಲಿಲ್ಲ. ತಂಗಿಯ ಮಗ ಕೊನ್ನಿಯೇ ಅವಳ ಮನೆಯಲ್ಲಿ ಉಂಡು, ಮಲಗಿ, ಗಿಟಾರು ಬಾರಿಸಿ ಬೆಳೆದವನು. ಅವನೂ ಅವನ ಮೂವರು ಗೆಳೆಯರೂ ಕೂದಲನ್ನು ಬೆನ್ನಿನವರೆಗೆ ಇಳಿಬಿಟ್ಟು, ಉಪ್ಪುಮೀನಿನ ಹಳೇ ಉಗ್ರಾಣದಲ್ಲಿ ಹಗಲೆಲ್ಲ ಸದ್ದೆಬ್ಬಿಸುತ್ತಿದ್ದರು. ಸಮುದ್ರದ ತಳದಲ್ಲಿ ಮಲಗಿದ ರಾಜನೊಬ್ಬ ಮುಳುಗಿದ ತನ್ನ ಹಡಗನ್ನು ಮರಳಿ ಕೇಳಲು ಎದ್ದುಬರುವ ಕಥೆಯನ್ನು ಒಂದು ಇಡೀ ರೆಕಾರ್ಡಿನ ತುಂಬ ಹಾಡಬೇಕೆಂಬುದು ಅವರ ಹಟ. ಅದು ಎಂಬತ್ನಾಲ್ಕನೆಯ ಇಸವಿ.

"ದೊಡ್ಡಮ್ಮಾ, ಕೊನೇ ಹಾಡಿಗೆ ದಡದಲ್ಲಿ ನಿಂತು ಕೂಗೋ ಹೆಂಗಸ್ರು ಬೇಕು" ಎಂದ ಕೊನ್ನಿ.

"ಕೂಗೋಕೆ ಹೆಂಗಸ್ರಾ? ಕಾರ್ಖಾನೆ ತುಂಬಾ ಇದಾರೆ. ಕಾಫಿ ಯಾರು ಮಾಡ್ತಾರೆ, ಅದು ಹೇಳು."

ಶನಿವಾರ ಮಧ್ಯಾಹ್ನ ಎಂಟು ಮಂದಿ ಬಂದರು, ರಬ್ಬರ್ ಬೂಟಿನಲ್ಲೇ. ಮಾಯ್ವೊರ್‌ಳ ಪಕ್ಕದಲ್ಲಿ ಅವಳ ಜೀವದ ಗೆಳತಿ ಆಸ್ತಾ ನಿಂತಳು. ಹಾಡಬೇಕಾದದ್ದು ಒಂದೇ ಸಾಲು: ಏಳು ರಾಜಾ, ಗಾಳಿ ತಿರುಗಿದೆ. ಮೊದಲು ನಗು ತಡೆಯಲಾಗಲಿಲ್ಲ. ಡೋಲು ಬಡಿದು, ಗಿಟಾರು ತೆರೆಯಂತೆ ಎದ್ದಾಗ ನಗು ತಾನಾಗಿ ನಿಂತಿತು. ಅಲ್ಲಿದ್ದವರಲ್ಲಿ ಸಮುದ್ರಕ್ಕೆ ಯಾರನ್ನೂ ಕೊಡದವಳು ಒಬ್ಬಳೂ ಇರಲಿಲ್ಲ. ಒಂದೇ ಸಲಕ್ಕೆ ಹಾಡಿ ಮುಗಿಸಿದರು. ಕಾಫಿಗೂ ನಿಲ್ಲದೆ ಮನೆಗೆ ಹೋದರು.

ರೆಕಾರ್ಡು ಹೊರಬಂತು, ಯಾರೂ ಕೊಳ್ಳಲಿಲ್ಲ. ಪಟ್ಟಣದ ಪತ್ರಿಕೆಯೊಂದು ಹಿಮ್ಮೇಳವನ್ನು "ಬಂದರಿನ ಬೆಕ್ಕುಗಳ ಜಗಳ" ಎಂದು ಬರೆಯಿತು. ಕಾರ್ಖಾನೆಯ ಗಂಡಸರು ವಾರಗಟ್ಟಲೆ ಮಿಯಾಂವ್ ಎಂದರು. ಮಾಯ್ವೊರ್ ಅವರತ್ತ ಮೀನಿನ ತಲೆ ಎಸೆದು ಸುಮ್ಮನಾದಳು. ಕೊನ್ನಿ ಸುಮ್ಮನಾಗಲಾರದೆ ಹೋದ. ಕೂದಲು ಕತ್ತರಿಸಿಕೊಂಡು ಸರಕುಹಡಗಿನ ಎಂಜಿನ್ ಕೋಣೆ ಸೇರಿದ. ಗಿಟಾರಿನ ಸುದ್ದಿ ಎತ್ತಿದರೆ ಎದ್ದು ಹೋಗುತ್ತಿದ್ದ.

ಊರವರು ಮರೆತದ್ದನ್ನು ಊರಾಚೆಯವರು ಮರೆತಿರಲಿಲ್ಲ. ಅಥೆನ್ಸಿನಲ್ಲಿ, ನೇಪಲ್ಸಿನಲ್ಲಿ, ಜರ್ಮನಿಯ ಸಣ್ಣ ಊರುಗಳಲ್ಲಿ ಆ ರೆಕಾರ್ಡನ್ನು ಒಬ್ಬರಿಂದೊಬ್ಬರು ಕ್ಯಾಸೆಟ್ಟಿಗೆ ಇಳಿಸಿಕೊಂಡು, ಸವೆದರೆ ಮತ್ತೆ ಇಳಿಸಿಕೊಂಡು, ದೇವರ ಪ್ರಸಾದದಂತೆ ಹಂಚಿಕೊಂಡಿದ್ದರು. ಅಂಥವರಲ್ಲೊಬ್ಬ ಜರ್ಮನಿಯ ಡೆಟ್ಲೆಫ್. ಹಳೇ ರೆಕಾರ್ಡುಗಳನ್ನು ಮತ್ತೆ ಅಚ್ಚು ಹಾಕುವುದೇ ಅವನ ಉದ್ಯೋಗ. ಅವನು ಹಾಲ್ವಿಕ್‌ಗೆ ಬಂದಾಗ ಮಾಯ್ವೊರ್ ಎಪ್ಪತ್ತು ದಾಟಿದ್ದಳು, ಕೊನ್ನಿಯ ತಲೆ ಬೋಳಾಗಿತ್ತು.

ಮಾಯ್ವೊರ್‌ಳ ಅಡುಗೆಮನೆಯಲ್ಲಿ ಕೂತು ಮಾತಾಡಿದರು. ಹಡಗಿನಲ್ಲಿ ಜರ್ಮನ್ ಕಲಿತಿದ್ದ ಕೊನ್ನಿಯೇ ಇಬ್ಬರಿಗೂ ದುಭಾಷಿ. ಒಪ್ಪಂದ ಮುಗಿಯುವ ಹೊತ್ತಿಗೆ ಕೊನ್ನಿ ಡೆಟ್ಲೆಫ್‌ಗೆ ಏನೋ ತಗ್ಗಿದ ದನಿಯಲ್ಲಿ ಹೇಳಿದ. ಡೆಟ್ಲೆಫ್‌ನ ಮುಖ ಕಪ್ಪಿಟ್ಟಿತು.

"ಏನಂದೆ ಅವನಿಗೆ?" ಎಂದಳು ಮಾಯ್ವೊರ್.

"ಏನಿಲ್ಲ. ಹಿಮ್ಮೇಳ ಮಾತ್ರ ಹೊಸದಾಗಿ ಹಾಡ್ಸೋಣ ಅಂದೆ. ಕಲಿತ ಗಾಯಕಿಯರ ಹತ್ರ."

"ಯಾಕೆ?"

"ಶ್ರುತಿ ಇಲ್ಲ ದೊಡ್ಡಮ್ಮಾ. ಆಸ್ತಾ ದನಿ ಮಧ್ಯದಲ್ಲಿ ಒಡೆದೇ ಹೋಗುತ್ತೆ. ನಿಮ್ಮನ್ನ ನೋಡಿ ಜನ ಇನ್ನೊಂದು ಸಲ ನಗೋದು ನಂಗೆ ಬೇಡ."

ಮಾಯ್ವೊರ್ ಕಾಫಿ ಪಾತ್ರೆಯನ್ನು ಒಲೆಗೆ ಕುಕ್ಕಿದಳು. "ಹಾಕು ಆ ಹಾಡು. ಈಗ್ಲೇ ಹಾಕು."

ಡೆಟ್ಲೆಫ್ ಹಾಕಿದ. ದನಿ ಒಡೆಯುವ ಜಾಗ ಬಂದಾಗ ಮಾಯ್ವೊರ್ ಕೈ ಎತ್ತಿದಳು. "ಅವಳ ತಮ್ಮ ಎವರ್ಟ್ ದೋಣೀಲೇ ಇದ್ದ ಕಣೋ. 'ಏಳು' ಅಂತ ಅವಳು ಕರೆದದ್ದು ನಿನ್ನ ರಾಜನ್ನಲ್ಲ. ನಾನು ಕರೆದದ್ದೂ ಅವನನ್ನಲ್ಲ. ನಮ್ಮವರಿಗೆ ಗೋರಿ ಇಲ್ಲ, ಕಲ್ಲಿಲ್ಲ. ಇರೋದು ಇದೊಂದು ಕೂಗು. ಇದನ್ನ ಅಳಿಸಿ ಯಾರದೋ ಚೆಂದದ ದನಿ ಇಡ್ತೀಯಾ? ನಗೋರು ನಗ್ಲಿ. ನಾನು ನಾಚಿಕೊಂಡಿಲ್ಲ, ನೀನ್ಯಾಕೆ ನಾಚಿಕೊಳ್ತೀಯಾ?"

ಕೊನ್ನಿಗೆ ಅದನ್ನು ಜರ್ಮನ್‌ಗೆ ತಿರುಗಿಸಲು ಬಹಳ ಹೊತ್ತು ಹಿಡಿಯಿತು. ಡೆಟ್ಲೆಫ್ ಕೇಳಿಸಿಕೊಂಡು, "ಶಾಲೆಗೆ ಹೋಗ್ತಿದ್ದ ಕಾಲದಿಂದ್ಲೂ ಈ ಜಾಗ ಬಂದ್ರೆ ನನ್ನ ಮೈ ಜುಮ್ಮನ್ನುತ್ತೆ. ಇದನ್ನ ಮುಟ್ಟಿದ್ರೆ ಅಥೆನ್ಸಿನವರು ನನ್ನ ಮನೆಗೆ ಕಲ್ಲು ಹೊಡೀತಾರೆ ಅಂತ ಹೇಳಿ ಅವರಿಗೆ" ಎಂದ.

ರೆಕಾರ್ಡು ಇದ್ದಂತೆಯೇ ಮತ್ತೆ ಅಚ್ಚಾಯಿತು. ಮರುವರ್ಷ ಜರ್ಮನಿಯ ಉತ್ಸವವೊಂದರಿಂದ ಕರೆ ಬಂತು. ಕೊನ್ನಿಯೂ ಹಳೇ ಗೆಳೆಯರೂ ವಾದ್ಯಗಳ ಧೂಳು ಕೊಡವಿದರು. ಎಂಟು ಹೆಂಗಸರಲ್ಲಿ ಉಳಿದಿದ್ದವರು ಮೂವರು. ಮೂವರೂ ಭಾನುವಾರದ ಕೋಟು ತೊಟ್ಟು ಹೊರಟರು. ಆಸ್ತಾಳ ಮಂಡಿ ನೋಯುತ್ತಿತ್ತು. "ವೇದಿಕೆ ಮೇಲೆ ಸತ್ತರೆ ಅಲ್ಲೇ ಬಿಟ್ಟು ಬಾರೇ, ಟಿಕೆಟ್ಟಿನ ದುಡ್ಡು ಉಳಿಯುತ್ತೆ" ಎಂದಳು.

ಸಂಜೆ ಬಿಸಿಲಿನ್ನೂ ಇತ್ತು. ಕೊನೇ ಹಾಡಿನಲ್ಲಿ ಕೊನ್ನಿ ಕೈ ಚಾಚಿ ಹೆಂಗಸರನ್ನು ಮುಂದಕ್ಕೆ ಕರೆದ. ಮಾಯ್ವೊರ್ ಬಾಯಿ ತೆರೆಯುವ ಮೊದಲೇ ಕೆಳಗೆ ನಿಂತ ಗಡ್ಡದವರು, ಚರ್ಮದ ಜಾಕೆಟ್ಟಿನ ಹುಡುಗಿಯರು, ಮಕ್ಕಳನ್ನು ಹೆಗಲಿಗೇರಿಸಿದ ಅಪ್ಪಂದಿರು ಆ ಸಾಲನ್ನು ಹಾಲ್ವಿಕ್‌ನ ಸ್ವೀಡಿಷಿನಲ್ಲೇ ಕೂಗಿದರು. ಆಸ್ತಾಳ ದನಿ ಅಂದು ಒಡೆದ ಜಾಗದಲ್ಲಿ ಅಷ್ಟೂ ಮಂದಿ ಬೇಕೆಂದೇ ದನಿ ಒಡೆದರು. ಆಸ್ತಾ ಎದೆ ಮುಟ್ಟಿಕೊಂಡು ನಿಂತಳು. ಮಾಯ್ವೊರ್ ಮಾತ್ರ ಬೆನ್ನು ನೆಟ್ಟಗೆ ಮಾಡಿ, ಎಂದಿನ ತನ್ನ ಗಂಟಲಿನಿಂದ ಅವರೆಲ್ಲರ ಮೇಲೆ ಹೋಗುವ ಹಾಗೆ ಹಾಡಿದಳು. ಮೈಕಿನವನು ಗಾಬರಿಯಾಗಿ ಗುಂಡಿ ತಿರುಗಿಸಿದ.

ಮರುದಿನ ಹೋಟೆಲಿನ ತಿಂಡಿಯ ಹೊತ್ತಿಗೆ ಗ್ರೀಸಿನ ದೈತ್ಯನೊಬ್ಬ ಅವಳ ಮೇಜಿನ ಬಳಿ ಕೈಕಟ್ಟಿ ನಿಂತು ಆ ಸಾಲನ್ನು ಹಾಡಿ ತೋರಿಸಿದ. ಮಾಯ್ವೊರ್ ಮೊಟ್ಟೆ ಸುಲಿಯುತ್ತ ಪೂರ್ತಿ ಕೇಳಿದಳು.

"ಚೆನ್ನಾಗಿದೆ. ಆದ್ರೆ ಗಾಳಿ ಅನ್ನೋದನ್ನ ನುಂಗಿಬಿಟ್ಟೆಯಲ್ಲಪ್ಪಾ" ಎಂದಳು. "ಕೂತ್ಕೋ. ಇನ್ನೊಂದು ಸಲ ಹೇಳು."