ಹುರಿದ ಅಕ್ಕಿಯ ಡಬ್ಬಿ

ಪಟಾಕಿ ಮದ್ದಿನ ವಾಸನೆ ಮಳೆಗಾಳಿಯಲ್ಲಿ ಬೇಗ ಚದುರುವುದಿಲ್ಲ. ಮೊನ್ನೆ ನನಗೆ ಮೊಮ್ಮಗಳು ಹುಟ್ಟಿದಳು. ಖುಷಿ ತಡೆಯಲಾರದೆ ಮಗ ಬೆಳಗಾವಿಯ ವಡಗಾವಿಯ ನಮ್ಮ ನೇಕಾರರ ಓಣಿಯಲ್ಲಿ ಸರಪಟಾಕಿ ಹಚ್ಚಿದ. ಮಗ್ಗಗಳ ಸದ್ದೇ ಮುಚ್ಚಿಹೋಯಿತು. "ಗಂಡೇನ್ರೀ ಆಯಿ?" ಎಂದಳು ಎದುರುಮನೆಯಾಕೆ. "ಹೆಣ್ಣವಾ! ಬಂಗಾರದಂಥಾ ಹೆಣ್ಣು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಕೂಗಿ ಉಸಿರೆಳೆದುಕೊಂಡಾಗ ಆ ವಾಸನೆ ಒಳಗಿಳಿಯಿತು. ಬಾಯಲ್ಲಿದ್ದ ಪೇಢೆ ಕಹಿಯಾಯಿತು.

ಕಾಡಂಚಿನ ಜಾಂಬೋಟಿಯ ನನ್ನ ತವರುಮನೆಯಲ್ಲಿ ಇದೇ ವಾಸನೆ ಇತ್ತು. ನಾನು ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು, ಇಸವಿ ನೆನಪಿಲ್ಲ. ಎಪ್ಪತ್ತನೇ ಇಸವಿಯ ಆಚೀಚಿನ ಮಾತು. ಕಾಡುಹಂದಿಗಳಿಂದ ಭತ್ತ ಕಾಯಲು ಅಜ್ಜನ ಹತ್ತಿರ ಪರವಾನಿಗಿಯ ಹಳೆಯ ಬಂದೂಕು ಇತ್ತು. ಊರಿನವರದೆಲ್ಲ ಹನ್ನೆರಡು ಬೋರು, ನಮ್ಮದು ಹದಿನಾರು; ಬೋರಿನ ಅಂಕಿ ಏರಿದಷ್ಟೂ ನಳಿಗೆ ಸಣ್ಣದು. ಅವರ ದಪ್ಪ ಕಾಡತೂಸು ನಮ್ಮ ನಳಿಗೆಯಲ್ಲಿ ಇಳಿಯದು. ನಮ್ಮದಕ್ಕೆ ಆಗುವ ಕಾಡತೂಸು ಪರದೇಶದಿಂದ ಬರುವುದೇ ನಿಂತಿತ್ತು. ತೆನೆ ಹಾಲುಗಟ್ಟುವ ಮುಂಚೆ ಅಜ್ಜ ನನ್ನನ್ನು ಕರೆದುಕೊಂಡು ಖಾನಾಪುರ, ನಂದಗಡ ಸುತ್ತಿ, ಕೊನೆಗೆ ಬೆಳಗಾವಿಯ ಬಂದೂಕಿನ ಅಂಗಡಿಗೆ ಹೋಗುತ್ತಿದ್ದ. ಎಣ್ಣೆ, ಕಬ್ಬಿಣ, ಹಳೇ ತೊಗಲು ಕೂಡಿ ನಾರುತ್ತಿದ್ದ ಅಂಗಡಿ. ಅಂಗಡಿಯಾತ ನಗುತ್ತಿದ್ದ: "ನಿಮ್ಮ ಬಂದೂಕಿಗೆ ಕಾಡತೂಸ ಹುಡಕೂದು ಮುದುಕಗ ಕನ್ಯಾ ಹುಡಕಿದಂಗ ನೋಡ್ರಿ." ಅಜ್ಜ ಬಿಡುತ್ತಿರಲಿಲ್ಲ: "ಮುದುಕಾದ್ರೂ ಗಂಡಸ ಹೌದಲ್ಲೊ? ಹುಡುಕು."

ಆ ವರ್ಷ ಖಾನೆಯ ತಳದಿಂದ ಒಂದೇ ಒಂದು ಸಿಕ್ಕಿತು. ಕೆಂಪು ಕಾಗದದ ಹೊದಿಕೆಯದು. ಅವ್ವ ತುಂಬಿದ ಬಸುರಿ. ಗಂಡು ಹುಟ್ಟಿದರೆ ಅಂಗಳದಲ್ಲಿ ಬಾರು ಹಾರಿಸುವುದು ನಮ್ಮ ಮನೆತನದ ರೂಢಿ. "ಇದು ಮೊಮ್ಮಗನ ಪಾಲಿಂದು. ಹಂದಿಗೋಳನ್ನ ಡಬ್ಬಾ ಬಡದು ಓಡಸೂಣು" ಎಂದ ಅಜ್ಜ. ನಮ್ಮ ಕಡೆಯ ಮಳೆಗೆ ಕಾಗದದ ಕಾಡತೂಸು ಉಬ್ಬಿ ಕೆಡುತ್ತದೆ. ಅದಕ್ಕೇ ಅವ್ವ ಅಕ್ಕಿ ಹುರಿದು, ಆರಿಸಿ, ಡಬ್ಬಿಯಲ್ಲಿ ತುಂಬಿ ಅದರ ನಡುವೆ ಕಾಡತೂಸನ್ನು ಹುಗಿದಿಡುತ್ತಿದ್ದಳು. ಅಕ್ಕಿ ತಂಪು ಹಿಡಿಯುವ ಮುಂಚೆ ಬದಲಿಸುತ್ತಿದ್ದಳು. ಹುಟ್ಟಲಿರುವ ಮಗನ ಬಾರನ್ನು ಹೊಟ್ಟೆ ಹೊತ್ತುಕೊಂಡೇ ಬೆಚ್ಚಗಿಟ್ಟಳು.

ಹುಟ್ಟಿದವಳು ನನ್ನ ತಂಗಿ ನೀಲವ್ವ. ಅಜ್ಜ ತೊಟ್ಟಿಲಿನತ್ತ ನೋಡಲೂ ಇಲ್ಲ. "ಕಾಡತೂಸರೆ ಉಳೀತು ಬಿಡು" ಎಂದು ಹೊರಗೆ ಹೋದ. ಕೂಸಿಗೆ ಅದೇ ಹೆಸರು ಬಿತ್ತು: ಕಾಡತೂಸ ಉಳಿಸಿದಾಕಿ.

ಭತ್ತ ಹಣ್ಣಾಗುವಾಗ ಮತ್ತೆ ಜಡಿಮಳೆ. ಒಂದು ನಸುಕಿಗೆ ಹಂದಿಯ ಹಿಂಡೇ ಗದ್ದೆಗೆ ನುಗ್ಗಿತು. ಡಬ್ಬಾದ ಸದ್ದಿಗೆ ಅವು ಹೆದರಲಿಲ್ಲ. ಅಜ್ಜ ಓಡಿಬಂದು ಕಾಡತೂಸು ತೆಗೆದ. ಅದು ಉಬ್ಬಿತ್ತು. ಹೆಬ್ಬೆರಳಿನಿಂದ ಒತ್ತಿದ, ಬೈದ, ಇಳಿಯಲಿಲ್ಲ. ವರ್ಷದ ಅನ್ನ ಕಣ್ಣೆದುರೇ ಕೆಸರಾಯಿತು.

"ಅಕ್ಕಿ ಬದಲ ಮಾಡಿದ್ದಿಲ್ಲೇನು?" ಎಂದು ಅಜ್ಜ ಗುಡುಗಿದ.

ಬಾಣಂತಿಕೋಣೆಯಿಂದ ಅವ್ವನ ನಗು ಕೇಳಿತು. ಆಕೆ ಹಾಗೆ ನಕ್ಕಿದ್ದನ್ನು ನಾನು ಮತ್ತೆ ಕೇಳಿಲ್ಲ. "ಬದಲ ಮಾಡಾಕಿ ಇಲ್ಲಿ ಮಲಗೇನಲ್ಲರೀ ಮಾವಾರ. ಹೆಣ್ಣ ಹಡದಾಕಿನ್ನ ಯಾರ ಕೇಳ್ಯಾರ?"

ಅಜ್ಜ ತಪ್ಪನ್ನು ತನ್ನ ಮೇಲೆ ಎಳೆದುಕೊಳ್ಳುವವನಲ್ಲ. ಅಂದಿನಿಂದ ನೀಲವ್ವನ ಹೆಸರು ಬದಲಾಯಿತು: ಕಾಡತೂಸ ಕೆಡಿಸಿದಾಕಿ. ಉಣ್ಣುವಾಗ ಅದೇ ಮಾತು, ಗಡಿಗೆ ಒಡೆದರೆ ಅದೇ ಮಾತು, ಕನ್ಯೆ ನೋಡಲು ಬಂದವರ ಎದುರಿಗೂ ಅದೇ. ಆಕೆ ತಲೆ ಬಗ್ಗಿಸಿ ನಗುತ್ತಿದ್ದಳು. ಬಂದೂಕು ಖಾನಾಪುರದ ಠಾಣೆ ಸೇರಿತು, ಮನೆ ಬಿದ್ದು ಗಿಡ ಬೆಳೆದವು, ಅಜ್ಜ ಹೋದ, ಅವ್ವ ಹೋದಳು. ಆ ಹೆಸರು ಮಾತ್ರ ನೀಲವ್ವನ ಜೋಡಿ ಸುಡುಗಾಡಿನವರೆಗೂ ಹೋಯಿತು. ಆಕೆ ಹೋಗಿ ಇದು ಎರಡನೇ ಮಳೆಗಾಲ.

ಮೊನ್ನೆಯ ಪಟಾಕಿಯಲ್ಲಿ ಒಂದು ಸರ ಉಳಿದಿದೆ. "ತೊಟ್ಟಲಕ್ಕ ಹಾಕೂ ದಿನಾ ಹಚ್ಚೂಣಬೇ, ಆದ್ರ ಈ ಮಳಿಗೆ ಥಂಡಿ ಹಿಡೀತೈತಿ" ಎಂದ ಮಗ. ನಾನು ಅಕ್ಕಿ ಹುರಿದೆ. ಆರಿದ ಮೇಲೆ ಡಬ್ಬಿಗೆ ಸುರಿದು, ಸರವನ್ನು ನಡುವೆ ಹುಗಿದು ಮುಚ್ಚಳ ಹಾಕಿದೆ. ದಿನಾ ಬೆಳಗ್ಗೆ ಎದ್ದ ಕೂಡಲೇ ಅದರಲ್ಲಿ ಕೈಯಾಡಿಸಿ ನೋಡುತ್ತೇನೆ. ಅಕ್ಕಿ ಇನ್ನೂ ಗರಿಗರಿಯಾಗಿದೆ.