ಏಕಾದಶಿಯ ಎಣಿಕೆ

ಮನೆ ಬದಲಿಸಲೆಂದು ನೆಲಮಾಳಿಗೆಯ ಉಗ್ರಾಣ ಖಾಲಿ ಮಾಡುವಾಗ ಹಳೆಯ ಗೋಡೆ ಪಂಚಾಂಗವೊಂದು ಸಿಕ್ಕಿತು. ಇನ್ನೂ ಇಂಗಿನ ವಾಸನೆ. ಜೂನ್ ಪುಟದಲ್ಲಿ ಎರಡು ಏಕಾದಶಿಗಳಿಗೆ ಕೆಂಪು ಪೆನ್ನಿನ ಸುತ್ತು. ಹಾಕಿದವನು ನಾನೇ. ಆವತ್ತು ಖುಷಿಯಾಗಿತ್ತು...

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಸಿಕ್ಕಿ ಮೈಸೂರಿನಿಂದ ಹ್ಯಾನೋವರ್‌ಗೆ ಬಂದ ಹೊಸತು. ಜೊತೆಗೆ ಮನೆ ಹಂಚಿಕೊಂಡಿದ್ದವನು ಧಾರವಾಡದವನು. ವಯಸ್ಸಿನಲ್ಲಿ ದೊಡ್ಡವನಾದ್ದರಿಂದ ನನಗೆ ಅಣ್ಣ. ಇಬ್ಬರೂ ಹಕ್ಕಿಗಳ ಸಂಶೋಧನೆಯ ಸಣ್ಣ ಸಂಸ್ಥೆಯೊಂದಕ್ಕೆ ಪ್ರೋಗ್ರಾಂ ಬರೆಯುತ್ತಿದ್ದೆವು. ಜರ್ಮನಿಯ ಕಡಲಂಚಿನಲ್ಲಿ ಚಳಿಗಾಲ ಕಳೆದ ಬಾತುಗಳು ಬೇಸಿಗೆಗೆ ಸೈಬೀರಿಯಾದ ತುತ್ತತುದಿಗೆ, ಹಕ್ಕಿಗಳಿಗಾಗಿಯೇ ಕಾಯ್ದಿಟ್ಟ ಟುಂಡ್ರಾ ತೀರಕ್ಕೆ ಹಾರಿಹೋಗಿ ಮೊಟ್ಟೆಯಿಡುತ್ತಿದ್ದವು. ಅಲ್ಲಿ ಗೂಡು ಎಣಿಸುವ ತಂಡದಲ್ಲಿ ನಮ್ಮಲ್ಲೊಬ್ಬನಿಗೆ ಜಾಗವಿತ್ತು. ಪ್ರೋಗ್ರಾಂ ಬಹುಪಾಲು ನನ್ನದು. ಮರವೇ ಇಲ್ಲದ ಆ ನೆಲ ನೋಡಬೇಕೆಂದು ವರ್ಷವಿಡೀ ಕನಸು ಕಂಡಿದ್ದೆ.

ಅಣ್ಣ ಬಾಸ್‌ನ ಕಿವಿ ಊದಿದ, ನನಗೆ ಉಬ್ಬಸವಿದೆಯೆಂದು. ನಾನು ನಂಬಿ ಹೇಳಿದ್ದ ಗುಟ್ಟು ಅದು.

“ನಿನ್ನ ಒಳ್ಳೇದಕ್ಕ ಹೇಳೀನೋ ತಮ್ಮಾ. ಅಲ್ಲಿ ಡಾಕ್ಟರ್ ಇಲ್ಲ, ಹಾಸ್ಪಿಟಲ್ ಇಲ್ಲ. ದಮ್ಮು ಹತ್ತಿದ್ರ ಏನ್ ಮಾಡ್ತಿ?” ಅಂದ. ಅಂದು ತಾನೇ ಹೋದ. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ!

ಅವನು ತಂದ ಎಣಿಕೆ ಹಾಳೆಗಳನ್ನು ಕಂಪ್ಯೂಟರಿಗೆ ತುಂಬುವ ಕೆಲಸ ನನಗೆ ಬಂತು. ತಪ್ಪು ಸಿಗಲಿ ಎಂದೇ ಹುಡುಕಿದೆ. ಎರಡು ದಿನ ಮಾತ್ರ ಹಿಂದಿನ ದಿನದ ಸಂಖ್ಯೆಗಳೇ ಒಂದೂ ಬಿಡದೆ ಮತ್ತೆ ಬಂದಿದ್ದವು. ಪಂಚಾಂಗ ನೋಡಿದೆ: ಎರಡೂ ಏಕಾದಶಿ. ಅಣ್ಣ ನೀರೂ ಮುಟ್ಟದೆ ಉಪವಾಸ ಮಾಡುವವನು. ಸೂರ್ಯ ಮುಳುಗದ ಊರಲ್ಲಿ ಪಾರಣೆ ಯಾವಾಗ ಮಾಡಿದನೋ! ಟೆಂಟಿನಲ್ಲಿ ಬಿದ್ದುಕೊಂಡು ನಿನ್ನೆಯದನ್ನೇ ನಕಲು ಹೊಡೆದಿದ್ದಾನೆ ಎಂದುಕೊಂಡೆ. ಹಾಳೆ, ಪಂಚಾಂಗ ಎರಡನ್ನೂ ಬಾಸ್ ಮುಂದೆ ಹರಡಿದೆ.

ಅಣ್ಣನ ಕೆಲಸ ಹೋಯಿತು. ಬೇರೆ ಸಿಗಲಿಲ್ಲ, ವೀಸಾ ಮುಗಿಯಿತು. ಸೂಟ್‌ಕೇಸ್ ಕಟ್ಟುತ್ತ ಒಂದೇ ಮಾತು ಕೇಳಿದ.

“ಉಪವಾಸ ಇದ್ದು ಸುಳ್ಳ ಬರೀತೀನೇನೋ?”

“ನನ್ನ ಉಸಿರಿನ ವಿಷ್ಯ ನೀನು ಹೇಳ್ದೆ, ನಿನ್ನ ಉಪವಾಸದ ವಿಷ್ಯ ನಾನು ಹೇಳ್ದೆ. ಅಷ್ಟೇ ಗುರು,” ಅಂದೆ. ಆ ರಾತ್ರಿ ಒಳ್ಳೆಯ ನಿದ್ದೆ ಬಂತು.

ಮುಂದಿನ ಬೇಸಿಗೆ ನಾನು ಹೋದೆ. ಒಂದು ಸಲವೂ ದಮ್ಮು ಹತ್ತಲಿಲ್ಲ. ಅದರಲ್ಲಿ ಗೆದ್ದೆ. ಆದರೆ ಮೊದಲ ವಾರವೇ ನನ್ನ ಹಾಳೆಯಲ್ಲೂ ನಿನ್ನೆಯ ಸಂಖ್ಯೆ, ಇವತ್ತಿನ ಸಂಖ್ಯೆ ಒಂದೇ ಆಯಿತು. ಮತ್ತೆ ನಡೆದು ಎಣಿಸಿದೆ. ಅದೇ. ಕೆನ್ನೆ ಸೀಳುವ ಗಾಳಿಯಲ್ಲಿ ಬಾತುಗಳು ಕತ್ತನ್ನು ನೆಲಕ್ಕೆ ಚಾಚಿ ಮೊಟ್ಟೆಗಳ ಮೇಲೆ ಕದಲದೆ ಕೂತಿದ್ದವು. ನರಿ ಬಂದು ಗೂಡು ಬರಿದು ಮಾಡದ ದಿನ ಸಂಖ್ಯೆ ಬದಲಾಗುವುದಾದರೂ ಹೇಗೆ? ಅವನಿಗೆ ಅಂಥ ಎರಡು ದಿನ ಏಕಾದಶಿಗೇ ಬಿದ್ದಿದ್ದವು. ಅಣ್ಣ ಬಾಯಿ ಒಣಗಿಸಿಕೊಂಡು ಅದೇ ಕೆಸರಿನಲ್ಲಿ ನಡೆದು ಎಣಿಸಿದ್ದ.

ಬಾಸ್‌ಗೆ ಹೇಳಲಿಲ್ಲ... ಅಣ್ಣನಿಗೂ ಬರೆಯಲಿಲ್ಲ. ಉಬ್ಬಸದ ಮಾತಿಗೆ ಅವನೇ ಮೊದಲು ತಪ್ಪಾಯಿತು ಅನ್ನಲಿ ಎಂದು ಕಾದೆ. ವರ್ಷಗಟ್ಟಲೆ ಕಾದೆ. ಹೋದ ವರ್ಷ ಧಾರವಾಡದಿಂದ ಅವನು ತೀರಿಕೊಂಡ ಸುದ್ದಿ ಬಂತು.

ಪಂಚಾಂಗವನ್ನು ಕಸದ ಡಬ್ಬಿಯವರೆಗೆ ಒಯ್ದು ಮರಳಿ ತಂದೆ. ಸಂಸ್ಥೆಯ ದಾಖಲೆಯಲ್ಲಿ ಅವನ ಆ ಎರಡು ದಿನಗಳ ಮುಂದೆ ‘ಸುಳ್ಳು’ ಎಂಬ ಗುರುತು ಇಂದಿಗೂ ಇದೆ, ನಾನು ಹಾಕಿದ್ದು. ಅದನ್ನು ಅಳಿಸಿರೆಂದು ಬರೆಯಲು ಈಗ ಕೂತಿದ್ದೇನೆ. ಉಬ್ಬಸದ ಮಾತನ್ನು ಮಾತ್ರ ನಾನಿನ್ನೂ ಕ್ಷಮಿಸಿಲ್ಲ, ಅಣ್ಣ.